ತೋಳನಾಯಿಯ ಮುಂದೆ ಕುಳಿತಾಗ

ಮಗಳ ಮನೆಗೆಂದು ಕೆನಡಾದ ಕ್ಯಾಲ್ಗರಿಗೆ ಹೋಗಿದ್ದಾಗ ಹತ್ತು ವರ್ಷದ ಮೊಮ್ಮಗನದು ಒಂದೇ ಹಟ: "ಅಜ್ಜ, ತೋಳದಂಥ ಮರಿ ಕೊಡಿಸು!" ಮಗಳು ನಮ್ಮಿಬ್ಬರನ್ನೂ ಕಾಕ್ರೇನ್ ಊರಿನ ಬಳಿಯ ಯಾಮ್ನಸ್ಕ ತೋಳನಾಯಿ ಆಶ್ರಯಧಾಮಕ್ಕೆ ಕರೆದೊಯ್ದಳು. 2011ರಲ್ಲಿ ಆರಂಭವಾದದ್ದು.

ಮಕ್ಕಳೇ, ತೋಳ ಮತ್ತು ನಾಯಿ ಬೆರೆತು ಹುಟ್ಟಿದ್ದೇ ತೋಳನಾಯಿ. ತೋಳದ ಅಂಶ ಹೆಚ್ಚಿದ್ದಷ್ಟೂ ಅಂಜಿಕೆ ಹೆಚ್ಚು. ಬೇಲಿಯೊಳಗೆ ಹೋಗುವ ಮುನ್ನ ಅಲ್ಲಿನ ಹುಡುಗಿ ಎಚ್ಚರಿಸಿದಳು: "ಓಡಬೇಡಿ, ದಿಟ್ಟಿಸಿ ನೋಡಬೇಡಿ, ನೀವಾಗಿ ಮುಟ್ಟಬೇಡಿ." ಮಂಡಿನೋವಿನ ನಾನು ಮರದ ದಿಮ್ಮಿಯ ಮೇಲೆ ಕುಳಿತೆ. ಎದೆ ಡವಡವ! ಉದ್ದ ಕಾಲಿನ, ಹಳದಿ ಕಣ್ಣಿನ ಬೂದು ಪ್ರಾಣಿಯೊಂದು ಎರಡು ಸುತ್ತು ಹಾಕಿ ಬಂದು, ಅಂಗೈಯಲ್ಲಿದ್ದ ತಿಂಡಿಯನ್ನು ಮೆಲ್ಲಗೆ ಎತ್ತಿಕೊಂಡಿತು. ಅಷ್ಟರಲ್ಲಿ ಮೊಮ್ಮಗ ಕೆಮ್ಮಿದ. ಅದು ಚಂಗನೆ ಹಾರಿ ಮರದ ಹಿಂದೆ ಅಡಗಿತು. ನನಗಿಂತ ಅದಕ್ಕೇ ಹೆಚ್ಚು ಭಯ!

ಅಂದಕ್ಕೆ ಮರುಳಾಗಿ ಮರಿ ಕೊಂಡವರು, ಅದು ಬೆಳೆದು ಬೇಲಿ ಹಾರಿ ಸೋಫಾ ಹರಿದಾಗ ಕೈಬಿಡುತ್ತಾರಂತೆ. ಕಾಡಿಗೆ ಬಿಟ್ಟರೆ ಬೇಟೆ ಗೊತ್ತಿಲ್ಲ, ಮನೆಗೂ ಒಗ್ಗದು. ಬ್ಯಾಂಕಿನಲ್ಲಿ ಸಾಲ ಕೊಡುವ ಮೊದಲು ತೀರಿಸುವ ಶಕ್ತಿ ಇದೆಯೇ ಎಂದು ನೋಡುತ್ತಿದ್ದೆವು. ಪ್ರಾಣಿ ಸಾಕುವವರೂ ಹಾಗೇ ನೋಡಿಕೊಳ್ಳಬೇಡವೇ?

ವಾಪಸು ಬರುವಾಗ ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಅಜ್ಜ, ಮರಿ ಬೇಡ. ರಜೆಯಲ್ಲಿ ಮತ್ತೆ ಬಂದು ಅದನ್ನೇ ನೋಡೋಣ. ಕೆಮ್ಮಲ್ಲ."