ಕಾಣೆಯಾದ ಚಿತ್ರಗಳು ಎಲ್ಲಿ ಹೋದವು?



ಹೊರನಾಡಿನ ಅನೇಕ ಕನ್ನಡ ಸಂಘಗಳಿಗೆ ಈಗ ತಮ್ಮದೇ ಜಾಲತಾಣವಿದೆ. ರಾಜ್ಯೋತ್ಸವದ ನಾಟಕ, ಯುಗಾದಿ ಊಟ, ದಸರಾ ಗೊಂಬೆ, ಮಕ್ಕಳ ವೇಷಭೂಷಣ ಎಲ್ಲದರ ಚಿತ್ರಗಳೂ ಅಲ್ಲಿರುತ್ತವೆ. ಒಂದು ದಿನ ಯಾರೋ, "ತಂತ್ರಾಂಶ ಹಳೆಯದಾಯಿತು, ಹೊಸದಕ್ಕೆ ಬದಲಾಯಿಸಬೇಕು" ಎನ್ನುತ್ತಾರೆ. ಬದಲಾಯಿಸಿದ ಮರುದಿನ ನೋಡಿದರೆ ಬರಹಗಳೆಲ್ಲ ಇದ್ದಲ್ಲೇ ಇವೆ, ಚಿತ್ರಗಳಿದ್ದ ಕಡೆ ಮಾತ್ರ ಖಾಲಿ ಚೌಕಗಳು!

ನಮ್ಮ ಸಂಘದಲ್ಲೂ ಹೀಗೆಯೇ ಆಯಿತು. ಸಂಘದ ಹುಡುಗರು ಕೆಲವು ಭಾನುವಾರಗಳನ್ನು ಅದಕ್ಕೇ ಮೀಸಲಿಟ್ಟು ಬಹುಪಾಲು ಚಿತ್ರಗಳನ್ನು ವಾಪಸು ತಂದರು. ಅವರ ಪಕ್ಕದಲ್ಲಿ ಕೂತು ನೋಡಿದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಇಂಗ್ಲಿಷ್ ಬಿ.ಎ., ಕಂಪ್ಯೂಟರ್ ಅಲ್ಲ. ಆದ್ದರಿಂದ ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ.

ಚಿತ್ರ ಬೇರೆ, ಚೀಟಿ ಬೇರೆ

ಡ್ರುಪಾಲ್ (2001), ವರ್ಡ್‌ಪ್ರೆಸ್ (2003), ಜೂಮ್ಲಾ (2005) ಇವು ಜಾಲತಾಣ ನಡೆಸಲು ಹೆಚ್ಚಾಗಿ ಬಳಸುವ ತಂತ್ರಾಂಶಗಳು. ಇವುಗಳಲ್ಲಿ ಬರಹ ಇರುವುದು ಡೇಟಾಬೇಸಿನಲ್ಲಿ. ಚಿತ್ರ ಇರುವುದು ಸರ್ವರಿನ ಬೇರೊಂದು ಫೋಲ್ಡರಿನಲ್ಲಿ. ಬರಹದೊಳಗೆ ಇರುವುದು "ಆ ಚಿತ್ರ ಇಂಥ ಕಡೆ ಇದೆ" ಎಂಬ ಒಂದು ಚೀಟಿ ಮಾತ್ರ. ಮೆಂತ್ಯ ಮೂರನೇ ಗೂಡಿನ ನೀಲಿ ಡಬ್ಬಿಯಲ್ಲಿದೆ ಎಂದು ಚೀಟಿ ಬರೆದಿಟ್ಟು, ಆಮೇಲೆ ಡಬ್ಬಿಯನ್ನು ಬೇರೆ ಗೂಡಿಗೆ ಸರಿಸಿದರೆ ಏನಾಗುತ್ತದೆ? ಮೆಂತ್ಯ ಮನೆಯಲ್ಲೇ ಇದೆ, ಒಗ್ಗರಣೆ ಹೊತ್ತಿಗೆ ಕೈಗೆ ಸಿಗುವುದಿಲ್ಲ.

ಆದ್ದರಿಂದ ಚಿತ್ರ ಕಾಣದಿದ್ದ ಮಾತ್ರಕ್ಕೆ ಅಳಿಸಿಹೋಗಿದೆ ಎಂದು ಎದೆಗುಂದಬೇಡಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ಇಂಥ ಕಡೆ ಬಹಳ ಸಲ ನಿಜವಾಗುತ್ತದೆ.

ಡ್ರುಪಾಲ್‌ನ 7ನೇ ಆವೃತ್ತಿಯ ಉದಾಹರಣೆ ನೋಡಿ. ಅದಕ್ಕೆ ಕೊಡುತ್ತಿದ್ದ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು. ಹಾಗಾಗಿ ಹಳೆಯ ತಾಣಗಳು ಹೊಸ ಆವೃತ್ತಿಗೆ ಹೋಗಬೇಕಾಯಿತು. ಇದು ಇದ್ದ ಮನೆಗೆ ಸುಣ್ಣ ಬಳಿದಂತಲ್ಲ, ಹೊಸ ಮನೆ ಕಟ್ಟಿ ಸಾಮಾನು ಸಾಗಿಸಿದಂತೆ. ಸಾಗಿಸುವಾಗ ಹಳೆಯ ಚಿತ್ರಗಳು ಎಲ್ಲಿವೆ ಎಂದು ತಂತ್ರಾಂಶ ಕೇಳುತ್ತದೆ. ಆ ಜಾಗವನ್ನು ಖಾಲಿ ಬಿಟ್ಟರೆ ಅಥವಾ ತಪ್ಪು ವಿಳಾಸ ಕೊಟ್ಟರೆ ಬರಹ ಬರುತ್ತದೆ, ಚಿತ್ರ ಹಳೆಯ ಮನೆಯಲ್ಲೇ ಉಳಿಯುತ್ತದೆ.

ಮೊದಲು ಮಾಡಬೇಕಾದ್ದು

ಎಲ್ಲಕ್ಕಿಂತ ಮೊದಲು, ಈಗ ತಾಣ ಹೇಗಿದೆಯೋ ಹಾಗೆಯೇ ಡೇಟಾಬೇಸ್ ಮತ್ತು ಫೋಲ್ಡರುಗಳ ಒಂದು ನಕಲು ತೆಗೆದಿಡಿ. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸಿದರೆ ಇರುವುದೂ ಹೋದೀತು. ಹಳೆಯ ಸರ್ವರಿನ ಬಾಡಿಗೆಯನ್ನು ಕೂಡಲೇ ನಿಲ್ಲಿಸಬೇಡಿ.

ಆಮೇಲೆ ಕಾಣದ ಒಂದು ಚಿತ್ರದ ವಿಳಾಸವನ್ನು ಬೇರೆ ಕಿಟಕಿಯಲ್ಲಿ ತೆರೆಯಿರಿ. 404 ಎಂದು ಬಂದರೆ ಆ ವಿಳಾಸದಲ್ಲಿ ಚಿತ್ರ ಇಲ್ಲ ಎಂದರ್ಥ. 403 ಎಂದು ಬಂದರೆ ಅಲ್ಲಿಗೆ ಹೋಗಲು ಅಪ್ಪಣೆ ಇಲ್ಲ ಎಂದರ್ಥ. ಬಾಗಿಲಿಗೆ ಬೀಗ ಬಿದ್ದಿದೆ ಅಷ್ಟೆ, ಫೋಲ್ಡರಿನ ಅನುಮತಿ ಸರಿಪಡಿಸಿದರೆ ಸಾಮಾನ್ಯವಾಗಿ ಸಾಕು.

404 ಬಂದಾಗ ನೋಡಬೇಕಾದ ಕಾರಣಗಳು ಕೆಲವಿವೆ.

ಒಂದು, ಫೋಲ್ಡರಿನ ಹೆಸರೋ ಜಾಗವೋ ಬದಲಾಗಿರಬಹುದು. ವರ್ಡ್‌ಪ್ರೆಸ್‌ನಲ್ಲಿ ಚಿತ್ರಗಳು ಸಾಮಾನ್ಯವಾಗಿ "ಅಪ್‌ಲೋಡ್ಸ್" ಎಂಬ ಫೋಲ್ಡರಿನಲ್ಲಿ ವರ್ಷ, ತಿಂಗಳಿನ ಪ್ರಕಾರ ಇರುತ್ತವೆ. ಹಳೆಯದರಿಂದ ಆ ಫೋಲ್ಡರನ್ನು ಹಾಗೆಯೇ ಹೊಸದಕ್ಕೆ ಹಾಕಿದರೆ ಎಷ್ಟೋ ಚಿತ್ರಗಳು ತಾನಾಗಿ ಕಾಣಿಸಿಕೊಳ್ಳುತ್ತವೆ.

ಎರಡು, ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದ ತಾಣದಲ್ಲಿ ಇದೊಂದೇ ಕಾರಣಕ್ಕೆ ಚಿತ್ರ ಕಾಣದಿರಬಹುದು.

ಮೂರು, ದೊಡ್ಡ ಚಿತ್ರ ಇದ್ದು ಅದರ ಚಿಕ್ಕ ನಕಲು ಮಾತ್ರ ಇಲ್ಲದಿರುವುದು. ಈ ತಂತ್ರಾಂಶಗಳು ಒಂದು ಚಿತ್ರದಿಂದ ಹಲವು ಅಳತೆಯ ನಕಲು ಮಾಡಿಕೊಳ್ಳುತ್ತವೆ. ಮೂಲ ಇದ್ದರೆ ನಕಲುಗಳನ್ನು ಮತ್ತೆ ಮಾಡಿಸಬಹುದು.

ನಾಲ್ಕು, ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟಿರುವುದು. ಕನ್ನಡದ ಪ್ರತಿ ಯೂನಿಕೋಡ್ ಸಂಕೇತವೂ ಜಾಲದ ವಿಳಾಸದಲ್ಲಿ ಮೂರು ಬೈಟುಗಳಾಗಿ ಹೋಗುತ್ತದೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ಹೆಸರು ಕೆಟ್ಟು ಪ್ರಶ್ನಾರ್ಥಕ ಚಿಹ್ನೆಗಳಾಗುವುದುಂಟು. ಕಡತದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಇಸವಿಯಿಂದ ಶುರುಮಾಡಿ ಇಡುವುದು ಕ್ಷೇಮ. ಕನ್ನಡ ವಿವರಣೆಯನ್ನು ಚಿತ್ರದ ಕೆಳಗೆ ಧಾರಾಳವಾಗಿ ಬರೆಯಿರಿ.

ಶ್ರೀರಾಂಪುರದ ಬೆಂಕಿ

ಮೂಲ ಉಳಿದರೆ ಎಲ್ಲವೂ ಉಳಿದಂತೆ ಎನ್ನುವುದಕ್ಕೆ ನಮ್ಮ ಕೋಲ್ಕತ್ತದ ಪಕ್ಕದಲ್ಲೇ ಒಂದು ಕಥೆಯಿದೆ. ಹೌರಾದಿಂದ ಲೋಕಲ್ ರೈಲು ಹಿಡಿದರೆ ಸಿಗುವ ಶ್ರೀರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರ ಮುದ್ರಣಾಲಯವಿತ್ತು. 1812ರ ಮಾರ್ಚ್ 11ರಂದು ಅದಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚಿನ ಮೊಳೆ, ಹಲವು ಭಾಷೆಗಳ ಹಸ್ತಪ್ರತಿ ಸುಟ್ಟುಹೋದವು. ಕೇರಿ ಕನ್ನಡಕ್ಕೆ ಮಾಡಿದ್ದ ಬೈಬಲ್ ಅನುವಾದವೂ ಅದರಲ್ಲಿ ಸೇರಿತ್ತು. ಆದರೆ ಬೂದಿಯ ನಡುವೆ ಮೊಳೆ ಎರಕ ಹೊಯ್ಯುವ ಉಕ್ಕಿನ ಪಡಿಯಚ್ಚುಗಳು ಉಳಿದಿದ್ದವು. ಕರಗಿದ ಸೀಸವನ್ನು ಕೂಡಿಸಿ ಮತ್ತೆ ಎರಕ ಹೊಯ್ದರು, ಕೆಲವೇ ತಿಂಗಳಲ್ಲಿ ಅಚ್ಚಿನ ಕೆಲಸ ಸಾಗಿತು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಲ್ಲಿಂದಲೇ ಹೊರಬಂತು. ಹಸ್ತಪ್ರತಿಗೆ ಮಾತ್ರ ಇನ್ನೊಂದು ಪ್ರತಿ ಇರಲಿಲ್ಲ, ಅದನ್ನು ಮತ್ತೆ ಮೊದಲಿನಿಂದ ಬರೆಯಬೇಕಾಯಿತು.

ಮೂಲವೇ ಇಲ್ಲದಿದ್ದರೆ?

ಆಗ ಹಳೆಯ ಬ್ಯಾಕಪ್ ಹುಡುಕಿ. ಸರ್ವರ್ ಕಂಪನಿಯನ್ನು ಅದೇ ದಿನ ಕೇಳಿ, ಅನೇಕರು ಬ್ಯಾಕಪ್ಪನ್ನು ಕೆಲವು ದಿನ ಮಾತ್ರ ಇಟ್ಟುಕೊಳ್ಳುತ್ತಾರೆ. ಆಮೇಲೆ ಅಮೆರಿಕದ ಇಂಟರ್‌ನೆಟ್ ಆರ್ಕೈವ್ ನೋಡಿ. 1996ರಲ್ಲಿ ಬ್ರೂಸ್ಟರ್ ಕಾಲ್ ಸ್ಥಾಪಿಸಿದ ಈ ಸಂಸ್ಥೆ ಜಗತ್ತಿನ ಜಾಲಪುಟಗಳ ನಕಲು ಇಡುತ್ತಾ ಬಂದಿದೆ. ಅದರ ವೇಬ್ಯಾಕ್ ಮಶೀನ್ 2001ರಿಂದ ಎಲ್ಲರಿಗೂ ಉಚಿತ. ಹಳೆಯ ವಿಳಾಸ ಕೊಟ್ಟರೆ ಯಾವ ಯಾವ ದಿನದ ನಕಲು ಇದೆ ಎಂದು ತೋರಿಸುತ್ತದೆ. ಎಲ್ಲ ಚಿತ್ರವೂ ಸಿಗುತ್ತದೆ ಎಂಬ ಭರವಸೆ ಇಲ್ಲ, ಸಿಕ್ಕಿದ್ದೂ ಹಲವು ಸಲ ಚಿಕ್ಕ ಅಳತೆಯದು.

ಅದೂ ಆಗದಿದ್ದರೆ ಮನೆ ಮನೆಯೇ ಗತಿ. ಚಿತ್ರ ತೆಗೆದವರ ಹಳೆಯ ಸಿ.ಡಿ., ಇಮೇಲಿಗೆ ಲಗತ್ತಿಸಿ ಕಳಿಸಿದ್ದು, ಬೀರುವಿನ ಆಲ್ಬಂ ಎಲ್ಲವನ್ನೂ ಕೇಳಿ. ವಾಟ್ಸಾಪಿನಲ್ಲಿ ಬಂದ ಚಿತ್ರ ಸಾಮಾನ್ಯವಾಗಿ ಕುಗ್ಗಿರುತ್ತದೆ, ತೆಗೆದ ದಿನದ ವಿವರವೂ ಹೋಗಿರುತ್ತದೆ. ಮೂಲ ಪ್ರತಿಯನ್ನೇ ಕೇಳಿ ಪಡೆಯಿರಿ.

ದೊಡ್ಡ ಕಂಪನಿಯಲ್ಲಿದೆ, ಭಯವಿಲ್ಲ ಎನ್ನಬೇಡಿ. ಒಂದು ಕಾಲಕ್ಕೆ ಜಗತ್ಪ್ರಸಿದ್ಧವಾಗಿದ್ದ ಮೈಸ್ಪೇಸ್, ಸರ್ವರ್ ಬದಲಾಯಿಸುವಾಗ ಮೂರು ವರ್ಷಕ್ಕಿಂತ ಹಳೆಯ ಹಾಡು, ಚಿತ್ರ, ವಿಡಿಯೋಗಳನ್ನು ಕಳೆದುಕೊಂಡಿತೆಂದು 2019ರಲ್ಲಿ ಹೊರಬಂತು.

ಹೆಸರು ಬರೆದಿಡಿ

ನಮ್ಮಲ್ಲಿ ಚಿತ್ರಗಳು ಮರಳಿ ಬಂದಾಗ ಇನ್ನೊಂದು ಸಮಸ್ಯೆ ಎದುರಾಯಿತು. ಹಳೆಯ ನಾಟಕದ ಚಿತ್ರದಲ್ಲಿ ಒಂಬತ್ತು ಜನ ನಿಂತಿದ್ದಾರೆ. ನಾಲ್ವರು ಯಾರೆಂದು ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬ್ಯಾಂಕಿನ ವರ್ಗಾವಣೆಯ ಮೇಲೋ, ಸರ್ಕಾರಿ ಕೆಲಸಕ್ಕೋ ಇಲ್ಲಿಗೆ ಬಂದು, ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿ, ಬಾಳೆಎಲೆ ಹುಡುಕಿ ತಂದು ಹಬ್ಬ ಮಾಡಿದವರು ಅವರು. ಕಸ್ಬಾದಲ್ಲಿ ಹುಟ್ಟಿ ಬೆಳೆದು, ಗೆಳೆಯರೊಡನೆ ಬಂಗಾಳಿ, ಅಮ್ಮನೊಡನೆ ಕನ್ನಡ ಆಡುವ ನಿಮಗೆ ಅವರ ಪರಿಚಯ ಆಗುವುದು ಈ ಚಿತ್ರಗಳಿಂದಲೇ. ಹೆಸರು ಬಲ್ಲ ಹಿರಿಯರಲ್ಲಿ ಹಲವರಿಗೆ ಈಗ ಎಂಬತ್ತು ದಾಟಿದೆ. ಅವರ ನೆನಪಿಗೆ ಯಾವ ಬ್ಯಾಕಪ್ಪೂ ಇಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಬೇಡ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಸುಲಭದ್ದು: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಿ, ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಈ ರಜೆಯಲ್ಲಿ ನಿಮ್ಮ ಮನೆಯ ಒಂದು ಆಲ್ಬಂ ತೆಗೆಯಿರಿ. ಅಜ್ಜ, ಅಜ್ಜಿ, ಪಕ್ಕದ ಅಂಕಲ್ ಯಾರಾದರೂ ಸರಿ, ಅವರ ಪಕ್ಕ ಕೂತು ಎಡದಿಂದ ಬಲಕ್ಕೆ ಹೆಸರು, ಇಸವಿ, ಜಾಗ ಬರೆದುಕೊಳ್ಳಿ. ಕನ್ನಡದಲ್ಲಿ ಬರೆಯಲು ಕಷ್ಟವಾದರೆ ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ತನ್ನಿ. ಬರೆಯುವ ಕೆಲಸಕ್ಕೆ ನಾವು ಅಮ್ಮಂದಿರು ಇದ್ದೇವೆ.