ಜೋಳಿಗೆಗೆ ಹಾಕಿದ ಮೇಲೆ ಬರುವ ಹಸಿವು

ಶ್ರಾವಣ ಬಂತೆಂದರೆ ಬೆಳಗಾವಿ ಸೀಮೆಯ ಮುರಗೋಡದ ಕಡೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಗಂಡಸರು ಬಾಟಲಿ ಬಿಡುತ್ತಾರೆ, ಹೆಂಗಸರು ಉಂಡಿ ಕಟ್ಟುತ್ತಾರೆ. ಉಳಿದ ಹನ್ನೊಂದು ತಿಂಗಳು ಸಂಜೆಯಾದರೆ ಕಾಲು ತಾನಾಗಿ ಅಂಗಡಿಯ ಕಡೆ ತಿರುಗುವವನು ‘ಶ್ರಾವಣ ಐತ್ರಿ, ಮುಟ್ಟಂಗಿಲ್ಲ’ ಎಂದು ಗಟ್ಟಿಯಾಗಿ ಕೂರುತ್ತಾನೆ. ಅವನು ಬಿಟ್ಟ ಐದನೆಯ ದಿನಕ್ಕೆ ನಾಗರ ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು, ಅಳ್ಳಿಟ್ಟು ಎಂದು ಮನೆಯ ಡಬ್ಬಿಗಳೆಲ್ಲ ತುಂಬಿರುತ್ತವೆ. ಬಾಟಲಿ ಬಿಟ್ಟ ಕೈ ಡಬ್ಬಿಗೆ ಹೋಗುತ್ತದೆ. ತಿಂಗಳು ತುಂಬುವಷ್ಟರಲ್ಲಿ ಎದುರಿಗೆ ಸಿಕ್ಕವರು ‘ಏನೋ, ಮೈ ಹಿಡದಿಯಲ್ಲೋ!’ ಅನ್ನತೊಡಗುತ್ತಾರೆ. ಈ ಅಧ್ಯಾಯ ಇರುವುದು ಆ ಮಾತಿನ ಬಗ್ಗೆ.

ಬಿಡುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಬಂದವನು ಮಾಂಸ, ಮದ್ಯ ಎರಡನ್ನೂ ಬಿಟ್ಟ ಹಾಗೆಯೇ. ‘ಅವ ಮಾಲಿ ಹಾಕ್ಯಾನ’ ಎಂದರೆ ಮುಂದೆ ಯಾರೂ ಒತ್ತಾಯ ಮಾಡುವುದಿಲ್ಲ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಇನ್ನೊಂದು ದಾರಿ ಹಿಡಿದರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ, ಕಾಳುಕಡಿ ಬೇಡ, ನಿಮ್ಮ ಚಟ ಹಾಕಿರಿ ಎಂದು ಬೇಡಿದರು. ಅದೇ ‘ಮಹಾಂತ ಜೋಳಿಗೆ’. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅದೂ ಶ್ರಾವಣದ ಆಚೀಚೆಯೇ ಬರುತ್ತದೆ.

ಸರ್ಕಾರದ ದಾರಿ ಬೇರೆ. ಬೆಳಗಾವಿ ಸೀಮೆ ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಪಾನನಿರೋಧ ಕಾನೂನು ನೋಡಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ಪಾಕೀಟು ಹೋದ ಜಾಗಕ್ಕೆ 90 ಮಿ.ಲೀ.ನ ‘ನೈಂಟಿ’ ಬಂದು ಕೂತಿತು. ಜೋಳಿಗೆಗೆ ಹಾಕಿದವನಿಗೂ ಕಾನೂನಿಗೆ ಹೆದರಿದವನಿಗೂ ಒಂದು ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ: ಬಿಟ್ಟ ಮೇಲೆ ಹೊಟ್ಟೆಗೆ ಏನು ಹಾಕಬೇಕು?

ಲೆಕ್ಕ ಹಾಕೋಣ. ಒಂದು ಗ್ರಾಂ ಆಲ್ಕೊಹಾಲ್ 7 ಕ್ಯಾಲರಿ ಕೊಡುತ್ತದೆ, ಸಕ್ಕರೆ 4, ಎಣ್ಣೆ 9. ಅಂದರೆ ಮದ್ಯ ಎಣ್ಣೆಗೆ ಹತ್ತಿರದ ನೆಂಟ. ನಮ್ಮವರು ಅದನ್ನು ‘ಎಣ್ಣಿ’ ಎಂದೇ ಕರೆದದ್ದು ಕಾಕತಾಳೀಯವಿರಬಹುದು. ಶೇಕಡಾ 42.8ರ ವಿಸ್ಕಿಯೋ ಬ್ರಾಂದಿಯೋ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ಕುಡಿದರೆ 60 ಗ್ರಾಂ ಆಲ್ಕೊಹಾಲ್, 420ಕ್ಕೂ ಹೆಚ್ಚು ಕ್ಯಾಲರಿ. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಗೆ 170ರ ಆಸುಪಾಸು. ಎರಡೂವರೆ ರೊಟ್ಟಿ ಸೀಸೆಯೊಳಗೆ ಹೋಯಿತು. ಆದರೆ ರೊಟ್ಟಿಯಲ್ಲಿದ್ದ ನಾರು, ಕಬ್ಬಿಣ, ಪ್ರೋಟೀನು ಸೀಸೆಯಲ್ಲಿಲ್ಲ.

ಹಾಗಿದ್ದರೆ ಕುಡುಕರೆಲ್ಲ ದಪ್ಪ ಇರಬೇಕಿತ್ತಲ್ಲ? ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ, ಇದು ನಾವು ನೋಡುವ ರೂಪ. ದೇಹಕ್ಕೆ ಆಲ್ಕೊಹಾಲನ್ನು ಕೂಡಿಡಲು ಬರುವುದಿಲ್ಲ. ಬಂದದ್ದನ್ನು ಮೊದಲು ಸುಟ್ಟುಬಿಡುತ್ತದೆ. ಅಷ್ಟು ಹೊತ್ತು ಕೊಬ್ಬನ್ನು ಸುಡುವ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಅತ್ತ ಜಠರದ ಒಳಪೊರೆ ಕೆರಳಿ ಹಸಿವು ಸಾಯುತ್ತದೆ, ಉಂಡದ್ದೂ ಸರಿಯಾಗಿ ಮೈಗೆ ಹತ್ತುವುದಿಲ್ಲ, ಸ್ನಾಯು ಕರಗುತ್ತದೆ. ಬಿ1 ಜೀವಸತ್ವ, ಅಂದರೆ ಥಯಮಿನ್, ಖಾಲಿಯಾಗುತ್ತದೆ. ಅದರ ಕೊರತೆ ತೀವ್ರವಾದರೆ ನಡಿಗೆ ತೂರಾಡಿ, ಕಣ್ಣು ಅದುರಿ, ಬುದ್ಧಿ ಕಲಕುತ್ತದೆ. ಮನೆಯವರು ‘ಇನ್ನೂ ನಿಶೆ ಇಳಿದಿಲ್ಲ’ ಅಂದುಕೊಳ್ಳುತ್ತಾರೆ.

ಬಿಟ್ಟ ಮೇಲೆ ಇದೆಲ್ಲ ತಿರುವುಮುರುವು. ಹೊಟ್ಟೆ ಮಾಯುತ್ತದೆ, ನಾಲಿಗೆಗೆ ರುಚಿ ಮರಳುತ್ತದೆ, ಹಸಿವು ಬಾಕಿ ವಸೂಲಿಗೆ ಬಂದವನಂತೆ ಬಾಗಿಲು ಬಡಿಯುತ್ತದೆ. ಅದರಲ್ಲೂ ಸಿಹಿಯ ಹಸಿವು. ಮಿದುಳಿನಲ್ಲಿ ಸುಖದ ಲೆಕ್ಕ ಇಡುವ ಡೋಪಮೈನ್ ದಾರಿಯಲ್ಲಿ ನಿತ್ಯ ಬರುತ್ತಿದ್ದ ದೊಡ್ಡ ಜಮಾ ನಿಂತುಹೋಗಿರುತ್ತದೆ. ಬೆಲ್ಲ, ಸಕ್ಕರೆ ಅಲ್ಲಿ ಚಿಲ್ಲರೆ ಹಾಕುತ್ತವೆ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟದವರು ಇದನ್ನು ಮೊದಲೇ ಗಮನಿಸಿದ್ದರು. ಬಿಟ್ಟವರು ಕೈಗೆಟುಕುವಂತೆ ಸಿಹಿ ಇಟ್ಟುಕೊಳ್ಳಲಿ ಎಂಬ ಸಲಹೆ ಅವರ 1939ರ ಪುಸ್ತಕದಲ್ಲೇ ಇದೆ. ನಮ್ಮ ಪಂಚಮಿಯ ಡಬ್ಬಿ ಅವರಿಗೆ ಗೊತ್ತಿದ್ದರೆ ಏನನ್ನುತ್ತಿದ್ದರೋ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮೊದಲ ಮೂರು ತಿಂಗಳು ತೂಕದ ಚಿಂತೆ ಬೇಡ. ಎರಡು ಕಿಲೋ, ಮೂರು ಕಿಲೋ ಏರಿದರೆ ಏರಲಿ. ಆ ಹೊತ್ತಿನಲ್ಲಿ ಊಟ ಕಡಿಮೆ ಮಾಡಿ ಹಸಿದು ಕೂತವನು ಉಳಿಸಿಕೊಳ್ಳುವುದು ಎರಡು ಕಿಲೋ, ಕಳೆದುಕೊಳ್ಳುವುದು ಬಿಟ್ಟ ಬಾಟಲಿಯ ಪೂರ್ತಿ ಲಾಭ. ವ್ಯಸನ ಬಿಟ್ಟವರ ಕೂಟಗಳಲ್ಲಿ ನಾಲ್ಕು ಅಪಾಯಗಳನ್ನು ಎಣಿಸುತ್ತಾರೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಅದರಲ್ಲಿ ಮೊದಲನೆಯದೇ ಹಸಿವು. ಶ್ರಾವಣ ಸೋಮವಾರದ ನಿರಾಹಾರವನ್ನೂ ಆ ವರ್ಷ ಬಿಡುವುದು ಒಳ್ಳೆಯದು. ದೇವರು ಕುಡಿತ ಬಿಟ್ಟದ್ದನ್ನೇ ವ್ರತವೆಂದು ಲೆಕ್ಕ ಹಿಡಿಯುತ್ತಾನೆ ಎಂದು ಅಜ್ಜಿಯರಿಗೆ ಹೇಳಿ ನೋಡಿ, ಒಪ್ಪುತ್ತಾರೆ.

ಆದರೆ ಬಿಡುವುದಕ್ಕೂ ಒಂದು ಎಚ್ಚರ ಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಅಮಾವಾಸ್ಯೆ ನೋಡಿ ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ದೆಗೇಡು ಬರಬಹುದು. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವ ಸನ್ನಿ ಬರಬಹುದು. ಅದು ಜೀವಕ್ಕೇ ಅಪಾಯ. ಅಂಥವರು ಬಿಡುವ ಮುನ್ನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಥಯಮಿನ್ ಕೊಟ್ಟು, ನಡುಕಕ್ಕೆ ಔಷಧಿ ಕೊಟ್ಟು ಇಳಿಸುತ್ತಾರೆ. ನಮಗೆ ಹತ್ತಿರದ ದೊಡ್ಡ ಜಾಗ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಫೋನಿನಲ್ಲಿ ಕೇಳಲು ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ.

ಈಗ ತಾಟಿನ ಮಾತು. ಮುರಗೋಡದವನಿಗೆ ಪೇಟೆಯ ಡಯಟ್ ಚಾರ್ಟು ಬೇಡ. ಎರಡು ಬಿಸಿ ರೊಟ್ಟಿ, ಮಡಿಕೆ ಕಾಳೋ ಹೆಸರು ಕಾಳೋ ಒಂದು ಪಲ್ಯ, ಪುಂಡಿ ಪಲ್ಯ, ಅಗಸಿ ಇಲ್ಲವೆ ಗುರೆಳ್ಳು ಹಿಂಡಿ, ಹಸಿ ಮೆಂತೆ, ಉಳ್ಳಾಗಡ್ಡಿ, ಮೇಲೆ ಮಜ್ಜಿಗೆ. ಜೋಳದ ನಾರು, ಕಾಳಿನ ಪ್ರೋಟೀನು ಹೊಟ್ಟೆಯಲ್ಲಿ ಹೊತ್ತು ನಿಲ್ಲುತ್ತವೆ. ರಕ್ತದ ಸಕ್ಕರೆ ಜಿಗಿದು ಬೀಳುವುದಿಲ್ಲ. ಮುಖ್ಯವಾದದ್ದು ಏನು ಉಂಡಿರಿ ಎಂಬುದಕ್ಕಿಂತ ಯಾವಾಗ ಉಂಡಿರಿ ಎಂಬುದು. ಕುಡಿಯುವವನ ಊಟ ರಾತ್ರಿ ಹತ್ತಕ್ಕೆ, ಅದೂ ಉಂಡರೆ. ಬಿಟ್ಟವನ ರೊಟ್ಟಿ ಅವನು ಅಂಗಡಿಗೆ ಹೊರಡುತ್ತಿದ್ದ ಹೊತ್ತಿಗೇ, ಏಳು ಗಂಟೆಗೇ ತಾಟಿಗೆ ಬೀಳಲಿ. ತುಂಬಿದ ಹೊಟ್ಟೆಗೆ ಎಣ್ಣಿ ನೆನಪಾಗುವುದು ಕಡಿಮೆ. ಹೊಲದಿಂದ ಬಂದು ಆ ಹೊತ್ತಿಗೆ ರೊಟ್ಟಿ ಬಡಿಯುವ ಭಾರ ಹೆಂಡತಿಯ ಮೇಲೇ ಬೀಳುತ್ತದೆ, ನಿಜ. ಬಿಟ್ಟವನ ಕೈಯೂ ಖಾಲಿ ಇರುತ್ತದೆ. ಕಾಳು ಬೇಯಿಸಲು, ಉಳ್ಳಾಗಡ್ಡಿ ಹೆಚ್ಚಲು ಅವನಿಗೇನು ಧಾಡಿ?

ಸಿಹಿಗಿಂತ ನಾನು ಹೆಚ್ಚು ಹೆದರುವುದು ಮಿರ್ಚಿ ಭಜ್ಜಿ, ಖಾರ ಶೇಂಗಾಕ್ಕೆ. ಅವು ಚಾಕಣಾ. ವರ್ಷಗಟ್ಟಲೆ ಗ್ಲಾಸಿನ ಮಗ್ಗುಲಲ್ಲೇ ಕೂತ ರುಚಿ. ಗಂಟೆ ಸಪ್ಪಳಕ್ಕೆ ಜೊಲ್ಲು ಸುರಿಸಿದ ಪಾವ್ಲೋವನ ನಾಯಿಯ ಕತೆ ಶಾಲೆಯಲ್ಲಿ ಓದಿದ್ದೇವೆ. ಭಜ್ಜಿಯ ವಾಸನೆ ಅಂಥದೇ ಗಂಟೆ. ಮೊದಲ ಕೆಲವು ತಿಂಗಳು ಅದರಿಂದ ದೂರ.

ಚಹಾ ಇನ್ನೊಂದು ಕಳ್ಳ. ಬಿಟ್ಟವನನ್ನು ಕಂಡವರೆಲ್ಲ ಚಹಾಕ್ಕೆ ಕರೆಯುತ್ತಾರೆ. ಕಪ್ಪಿಗೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಎಂಟು ಕಪ್ಪು ಕುಡಿದರೆ ಸಕ್ಕರೆಯಿಂದಲೇ 250ರಿಂದ 300 ಕ್ಯಾಲರಿ, ಅಂದರೆ ಕ್ವಾರ್ಟರಿನ ಹೆಚ್ಚೂಕಮ್ಮಿ ಮೂರರಲ್ಲಿ ಎರಡು ಪಾಲು. ಬೆಲ್ಲದ ಚಹಾ ಎಂದರೂ ಲೆಕ್ಕ ಬಹಳ ಬದಲಾಗದು. ಬಾಯಿ ಸುಮ್ಮನಿರದೆ ಗುಟ್ಕಾಕ್ಕೆ ತಿರುಗುವವರೂ ಇದ್ದಾರೆ. ಜೋಳಿಗೆಗೆ ಅದನ್ನೂ ಹಾಕಬೇಕು.

ಉಂಡಿಯ ತೀರ್ಪು ಏನು? ನಲವತ್ತು ಗ್ರಾಮಿನ ಶೇಂಗಾ ಉಂಡಿ ಸುಮಾರು 190 ಕ್ಯಾಲರಿ. ಊಟದ ಕೊನೆಗೆ ಒಂದು ತಿನ್ನಿ, ನೆಮ್ಮದಿಯಾಗಿ ತಿನ್ನಿ. ಖಾಲಿ ಹೊಟ್ಟೆಗೆ ನಾಲ್ಕು ಬೇಡ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ರಿಯಾಯಿತಿ ಇಲ್ಲ. ಅವರು ವೈದ್ಯರನ್ನು ಕೇಳಲಿ. ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವೂ ಬದಲಾಗಬೇಕಾಗಬಹುದು.

ನಾಲ್ಕನೆಯ ತಿಂಗಳಿಂದ ತೂಕದ ಕಡೆ ನೋಡಿ. ತಕ್ಕಡಿ ಬೇಕಿಲ್ಲ, ಉಡದಾರ ಸಾಕು. ಅದು ಬಿಗಿದರೆ ಹೊಟ್ಟೆ ಬಂದಿದೆ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು ಎಂಬುದು ವೈದ್ಯರ ಗೆರೆ. ಮೂರು ರೊಟ್ಟಿ ಉಣ್ಣುತ್ತಿದ್ದರೆ ಎರಡಾಗಲಿ, ಪಲ್ಯ ಒಂದು ಸೌಟು ಹೆಚ್ಚಲಿ, ಚಹಾದ ಸಕ್ಕರೆ ಅರ್ಧವಾಗಲಿ, ಸಂಜೆ ಅರ್ಧ ತಾಸು ನಡೆಯಿರಿ, ಹಳೆಯ ಅಂಗಡಿ ಇಲ್ಲದ ದಾರಿಯಲ್ಲಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಬೇಕಾದಷ್ಟಾಯಿತು.

ಓದುವವರಲ್ಲಿ ಒಂದು ಕೋರಿಕೆ. ಈ ಪಂಚಮಿಗೆ ಬಿಟ್ಟವನ ಮನೆಗೆ ಹೋದರೆ ಅವನ ಹೊಟ್ಟೆ ನೋಡಿ ನಗಬೇಡಿ, ‘ಮೈ ಹಿಡದಿಯಲ್ಲೋ’ ಅನ್ನಬೇಡಿ. ಎಷ್ಟು ದಿನವಾಯಿತು ಎಂದು ಕೇಳಿ. ಅವನ ಹತ್ತಿರ ದಿನದ ಲೆಕ್ಕ ಇರುತ್ತದೆ.