ಡ್ರೆಸ್ಡೆನ್ ದಾಟಿದ ಮೇಲೆ ಸಿಗುವ ದೇಶ

2019ರ ಡಿಸೆಂಬರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ವೆಬ್‌ಸೈಟಿನಲ್ಲಿ ಒಂದು ತಮಾಷೆ ನಡೆಯಿತು. ಅಮೆರಿಕಕ್ಕೆ ಯಾವ ಯಾವ ದೇಶದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಇದೆ ಅಂತ ತೋರಿಸುವ ಪಟ್ಟಿಯಲ್ಲಿ ವಕಾಂಡ ಅನ್ನೋ ಹೆಸರೂ ಇತ್ತು. ಹೌದು, 'ಬ್ಲ್ಯಾಕ್ ಪ್ಯಾಂಥರ್' ಸಿನಿಮಾದ ಅದೇ ವಕಾಂಡ. ಬಾತುಕೋಳಿ, ಕತ್ತೆ, ಹಾಲಿನ ಹಸು ಎಲ್ಲಾ ಸಾಲಾಗಿ ನಮೂದಾಗಿದ್ದವು. ಟೆಸ್ಟಿಂಗಿಗೆ ಹಾಕಿದ್ದು, ಆಮೇಲೆ ತೆಗೀಬೇಕಿತ್ತು ಅಂತ ಇಲಾಖೆ ಹೇಳಿತು. ನಮ್ಮ ಫೀಲ್ಡಿನಲ್ಲಿರೋರಿಗೆ ಇದೇನೂ ಹೊಸದಲ್ಲ ಬಿಡಿ.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಟೆಸ್ಟಿಂಗಿಗೆ 'ಎಬಿಸಿ' ಅಂತ ಹಾಕಿದ್ರೂ ನಡೀತಿತ್ತು. ಆದರೆ ದೇಶ ಅಂದ ತಕ್ಷಣ ಯಾರದ್ದೋ ತಲೆಗೆ ಬಂದದ್ದು ಕತೆಯಲ್ಲಿ ಮಾತ್ರ ಇರುವ ಒಂದು ದೇಶ. ಅರ್ಥಶಾಸ್ತ್ರದ ಪುಸ್ತಕಗಳಲ್ಲೂ ಹೀಗೇ, ಉದಾಹರಣೆಗೆ ಒಂದು ದೇಶ ಬೇಕಾದಾಗ 'ರುರಿಟೇನಿಯಾ' ಅಂತ ಬರೆಯೋ ರೂಢಿ ಇದೆ. ಆ ಹೆಸರು ಬಂದದ್ದು ಒಂದು ಪ್ರೇಮಕತೆಯಿಂದ ಅಂತ ಎಷ್ಟು ಜನಕ್ಕೆ ಗೊತ್ತೋ.

ಲಂಡನ್ನಿನ ವಕೀಲ ಆಂಟನಿ ಹೋಪ್‌ಗೆ ಈ ಕತೆ ಹೊಳೆದದ್ದು 1893ರ ಕೊನೆಯಲ್ಲಿ, ಒಂದು ಕೇಸು ಗೆದ್ದು ಕೋರ್ಟಿನಿಂದ ನಡೆದು ಬರುವಾಗ. ಆಗ ಅವನಿಗೆ ಮೂವತ್ತು. ಸುಮಾರು ಒಂದು ತಿಂಗಳಲ್ಲಿ ಮೊದಲ ಡ್ರಾಫ್ಟ್ ಮುಗೀತು. 1894ರಲ್ಲಿ 'ದಿ ಪ್ರಿಸನರ್ ಆಫ್ ಜೆಂಡಾ' ಹೊರಬಂತು.

ನಾಯಕ ರುಡಾಲ್ಫ್ ರಾಸೆಂಡಿಲ್‌ಗೆ ಇಪ್ಪತ್ತೊಂಬತ್ತು. ದುಡ್ಡಿದೆ, ಕೆಲಸ ಇಲ್ಲ. 'ಏನಾದ್ರೂ ಮಾಡೋ ಯೋಚನೆ ಇದ್ಯಾ ಇಲ್ವಾ' ಅಂತ ಅತ್ತಿಗೆ ಕೇಳೋದರಿಂದಲೇ ಕಾದಂಬರಿ ಶುರು. (ನಮ್ಮ ಮನೆಗಳಲ್ಲೂ ಕೇಳ್ತಾರಲ್ಲ, ಹಾಗೆ.) ಅವನು ಪ್ಯಾರಿಸ್‌ಗೆ ಹೋಗ್ತಾನೆ, ಅಲ್ಲಿಂದ ಡ್ರೆಸ್ಡೆನ್, ಅಲ್ಲಿಂದ ರೈಲು ಹತ್ತಿ ಗಡಿ ದಾಟಿ ರುರಿಟೇನಿಯಾ. ಪ್ಯಾರಿಸ್ ನಿಜ, ಡ್ರೆಸ್ಡೆನ್ ನಿಜ, ರೈಲೂ ನಿಜ ಅನ್ನಿಸುತ್ತೆ. ಮುಂದಿನ ಸ್ಟೇಷನ್ ಮಾತ್ರ ಸುಳ್ಳು. ಓದುವವರು ಸೀಟಿನಿಂದ ಏಳೋದೇ ಇಲ್ಲ, ಸುಮ್ಮನೆ ಗಡಿ ದಾಟಿಬಿಡ್ತಾರೆ.

ನಿಜವಾದ ದೇಶವನ್ನೇ ಇಟ್ಟುಕೊಳ್ಳಬಹುದಿತ್ತಲ್ವಾ? ಆಗಲ್ಲ. ಡ್ರೆಸ್ಡೆನ್ ಇರುವ ಸ್ಯಾಕ್ಸನಿಯಲ್ಲಿ ಆಗ ನಿಜವಾಗಿಯೇ ಒಬ್ಬ ರಾಜ ಇದ್ದ, ಪೇಪರ್ ಓದೋರಿಗೆಲ್ಲ ಅವನ ಹೆಸರು ಗೊತ್ತು. ಅಲ್ಲಿನ ಸಿಂಹಾಸನದಲ್ಲಿ ಒಬ್ಬ ಇಂಗ್ಲಿಷಿನವನು ಕೂತ ಅಂದ್ರೆ ಯಾರು ನಂಬ್ತಾರೆ? ರುರಿಟೇನಿಯಾದಲ್ಲಿ ಆ ತೊಂದರೆ ಇಲ್ಲ. ಅಲ್ಲಿನ ರಾಜ ಬದುಕ್ತಾನೋ ಸಾಯ್ತಾನೋ ಯಾವ ಇತಿಹಾಸದ ಪುಸ್ತಕವೂ ಮೊದಲೇ ಹೇಳಿಲ್ಲ.

ಅದಕ್ಕೇ ಕತೆಗೆ ಬಿಸಿ ಇದೆ. ಪಟ್ಟಾಭಿಷೇಕದ ಹಿಂದಿನ ರಾತ್ರಿ ರಾಜನಿಗೆ ಮದ್ದು ಬೆರೆಸಿದ ವೈನ್ ಕುಡಿಸ್ತಾರೆ. ಥೇಟ್ ಅವನ ಹಾಗೇ ಕಾಣುವ ರಾಸೆಂಡಿಲ್ ಕಿರೀಟ ತೊಡಬೇಕಾಗುತ್ತೆ. ಅಷ್ಟರಲ್ಲಿ ಅಸಲಿ ರಾಜ ಜೆಂಡಾ ಕೋಟೆಯಲ್ಲಿ ಬಂದಿ. ಇತ್ತ ರಾಜಕುಮಾರಿ ಫ್ಲೇವಿಯಾ, ಹಿಂದೆಂದೂ ರಾಜನನ್ನು ಪ್ರೀತಿಸದವಳು, ಈ ನಕಲಿ ರಾಜನಿಗೆ ಮನಸೋಲ್ತಾಳೆ. ಬಂದಿಯಾದವನನ್ನು ಅಲ್ಲೇ ಸಾಯೋಕೆ ಬಿಟ್ಟರೆ ದೇಶವೂ ಹುಡುಗಿಯೂ ತನ್ನವೇ. ರಾಸೆಂಡಿಲ್‌ಗೆ ಆ ಆಸೆ ಬರುತ್ತೆ, ಅದನ್ನ ಅವನು ನಮ್ಮಿಂದ ಮುಚ್ಚಿಡೋದೂ ಇಲ್ಲ. ಆದರೂ ರಾಜನನ್ನು ಬಿಡಿಸಿಕೊಂಡು ಬರ್ತಾನೆ. ನಿಜ ಗೊತ್ತಾದ ಮೇಲೆ ಫ್ಲೇವಿಯಾ ಅವನ ಜೊತೆ ಹೊರಡಲ್ಲ, ದೇಶಕ್ಕಾಗಿ ಉಳೀತಾಳೆ. ಆಮೇಲೆ ವರ್ಷಕ್ಕೊಮ್ಮೆ ಡ್ರೆಸ್ಡೆನ್‌ನಲ್ಲಿ ಗೆಳೆಯನೊಬ್ಬನ ಕೈಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಬರುತ್ತೆ, ಒಳಗೊಂದು ಕೆಂಪು ಗುಲಾಬಿ. ಅಷ್ಟೇ.

ಇಂಥ ಕತೆಗಳನ್ನ 'ಟೈಮ್‌ಪಾಸ್, ಎಸ್ಕೇಪಿಸಂ' ಅಂತ ತಳ್ಳಿಹಾಕೋರನ್ನ ನಾನು ಒಪ್ಪಲ್ಲ. ತಪ್ಪಿಸಿಕೊಳ್ಳೋದೇ ಉದ್ದೇಶ ಆಗಿದ್ರೆ ಇಬ್ಬರಿಗೂ ಮದುವೆ ಮಾಡಿಸಿ ಮುಗಿಸಬಹುದಿತ್ತು. ದೇಶವೇ ಲೇಖಕನ ಕೈಯಲ್ಲಿತ್ತು, ಕೇಳೋರು ಯಾರು? ಅವನು ಮಾಡಲಿಲ್ಲ.

1898ರಲ್ಲಿ ಬಂದ ಎರಡನೇ ಭಾಗ 'ರೂಪರ್ಟ್ ಆಫ್ ಹೆನ್ಟ್‌ಜೌ'ನಲ್ಲಿ ಅಸಲಿ ರಾಜ ಸಾಯ್ತಾನೆ. ಈಗ ಸಿಂಹಾಸನ, ಫ್ಲೇವಿಯಾ ಎರಡೂ ಸಿಗೋ ಹಾಗಿದೆ. ಏನು ಮಾಡ್ತೀನಿ ಅಂತ ರಾಸೆಂಡಿಲ್ ಬಾಯಿಬಿಡೋ ಮೊದಲೇ ಅವನ ಕೊಲೆಯಾಗುತ್ತೆ. (ನೂರಿಪ್ಪತ್ತು ವರ್ಷ ದಾಟಿದ ಪುಸ್ತಕ, ಸ್ಪಾಯ್ಲರ್ ಅಂತ ಬೈಬೇಡಿ.) ನನಗಿದು ಜಾರಿಕೊಂಡ ಹಾಗೆ ಅನ್ನಿಸಿತು. ಉತ್ತರ ಹೇಳಿಸಬೇಕಿತ್ತು.

ಮೊದಲ ಮಹಾಯುದ್ಧ ಮುಗಿಯುವಷ್ಟರಲ್ಲಿ ಜರ್ಮನಿಯ ರಾಜರುಗಳೆಲ್ಲ ಮನೆಗೆ ಹೋದರು. ಆದರೆ ಇಲ್ಲದ ದೇಶಗಳಿಗೆ ಬೇರೆ ಕೆಲಸ ಸಿಕ್ಕಿತು. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಅದೇ ವರ್ಷ ಬೆಲ್ಜಿಯಂನ ಎರ್ಜೆ ತನ್ನ ಟಿನ್‌ಟಿನ್‌ನನ್ನು ಸಿಲ್ಡೇವಿಯಾ ಎಂಬ ದೇಶಕ್ಕೆ ಕಳಿಸಿದ. ಪಕ್ಕದ ಬೋರ್ಡೂರಿಯಾ ಅದನ್ನು ನುಂಗೋಕೆ ಹೊಂಚು ಹಾಕಿರುತ್ತೆ, ಒಳಸಂಚುಗಾರನ ಹೆಸರು ಮುಸ್ಲರ್. ಮುಸೊಲಿನಿ, ಹಿಟ್ಲರ್ ಇಬ್ಬರನ್ನೂ ಸೇರಿಸಿ ಮಾಡಿದ ಹೆಸರು. ಮಕ್ಕಳ ಕಾಮಿಕ್ಸ್‌ನಲ್ಲಿ!

ನಮ್ಮ ಕಡೆ ಜೆಂಡಾದ ನೆರಳು ಗಟ್ಟಿಯಾಗಿ ಬಿದ್ದದ್ದು 1958ರ ತಮಿಳು ಸಿನಿಮಾ 'ನಾಡೋಡಿ ಮನ್ನನ್' ಮೇಲೆ. ಎಂ.ಜಿ.ಆರ್. ಅವರದ್ದೇ ನಿರ್ಮಾಣ, ನಿರ್ದೇಶನ, ದ್ವಿಪಾತ್ರ. ರತ್ನಪುರಿ ಎಂಬ ಕಲ್ಪಿತ ರಾಜ್ಯದಲ್ಲಿ ರಾಜನ ಜಾಗಕ್ಕೆ ಬಂದ ಸಾಮಾನ್ಯ ಮನುಷ್ಯ ಬಡವರ ಪರ ಕಾನೂನು ಮಾಡ್ತಾನೆ. 1977ರಲ್ಲಿ ಎಂ.ಜಿ.ಆರ್. ನಿಜವಾಗಿಯೇ ಮುಖ್ಯಮಂತ್ರಿಯಾದರು. ಕತೆ ದ್ವೀಪಕ್ಕೆ ಹೋದ ಮೇಲೆ ಕಪ್ಪು-ಬಿಳುಪು ಚಿತ್ರ ಕಲರ್ ಆಗುತ್ತೆ, ಅಲ್ಲಿ ಸಿಗುವ ರಾಜಕುಮಾರಿ ನಮ್ಮ ಬೆಂಗಳೂರಿನ ಬಿ. ಸರೋಜಾದೇವಿ. ತಮಿಳಿನಲ್ಲಿ ಅವರು ಮನೆಮಾತಾದದ್ದು ಅಲ್ಲಿಂದಲೇ.

ಹೋಪ್‌ನ ಎರಡೂ ಪುಸ್ತಕಗಳ ಕಾಪಿರೈಟ್ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಫ್ರೀ, ಫೋನಿನಲ್ಲೇ ಓದಬಹುದು. ಜೆಂಡಾ ಸಣ್ಣ ಪುಸ್ತಕ, ಮೆಟ್ರೋದಲ್ಲಿ ಓಡಾಡುವಾಗಲೇ ಮುಗಿಯುತ್ತೆ. ಎರಡನೇದಕ್ಕೆ ಕೈ ಹಾಕೋ ಮುಂಚೆ ಒಂದು ವಾರ ಬಿಡಿ, ಆ ಗುಲಾಬಿ ಸ್ವಲ್ಪ ದಿನ ಹಾಗೇ ಇರಲಿ.